ಅಂಗಳದ ಮೂಲೆಗೆ ಒಂದು ಪನ್ನೀರ್ ಗುಲಾಬಿ: ಹಾಸನ, ಚಿಕ್ಕಮಗಳೂರಿನ ಮಳೆಗೆ ತಕ್ಕಂತೆ ಬೆಳೆಸುವ ಕ್ರಮ

ಗುಲಾಬಿ ಬಗ್ಗೆ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನರ್ಸರಿಯಿಂದ ತಂದಾಗ ಗಿಡದ ತುಂಬ ಹೂವಿತ್ತು. ಶ್ರಾವಣ ಬರೋ ಹೊತ್ತಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳೀತು. ನಮ್ಮ ಕೈಗುಣ ಸರಿ ಇಲ್ವಾ?"

ಕೈಗುಣದ ಮಾತು ಬಿಡಿ. ನಿಮ್ಮ ಗಿಡ ಹೋಗಿದ್ದು ಮಳೆಗೆ. ಗುಲಾಬಿ ಬೆಳೆಸುವ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬೆಂಗಳೂರಿನಂಥ ಒಣ ಹವೆಯ ಊರಿಗೆ ಹೇಳಿದ್ದು. ಅಲ್ಲಿನ ತಿಂಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲೆ ಒಣಗುವುದೇ ಅಪರೂಪ. ಅದೇ ತಿಂಗಳುಗಳಲ್ಲಿ ಅರಸೀಕೆರೆ, ಕಡೂರಿನವರು ಕೊಡ ಹಿಡಿದು ಗಿಡಕ್ಕೆ ನೀರು ಹಾಕಬೇಕಾಗುತ್ತದೆ. ಹಾಸನ, ಬೇಲೂರು, ಚಿಕ್ಕಮಗಳೂರು ಪೇಟೆಗಳು ಇವೆರಡರ ನಡುವೆ ಇವೆ. ಹಾಗಾಗಿ ಈ ಲೇಖನದಲ್ಲಿ ತಾರೀಖಿಗಿಂತ ಮಳೆಯನ್ನೇ ಗುರುತಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಮಳೆ ಯಾವಾಗ ಹಿಡಿಯುತ್ತೆ, ಯಾವಾಗ ಬಿಡುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ.

ಇಷ್ಟು ತಳಿ ಇರುವಾಗ ಪನ್ನೀರ್ ಗುಲಾಬಿಯೇ ಯಾಕೆ? ಹತ್ತಡಿ ಅಗಲದ ಅಂಗಳ ಇರುವವರಿಗೆ ಇದಕ್ಕಿಂತ ಒಳ್ಳೆಯ ಗುಲಾಬಿ ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಸವರಿದರೆ ಮೂರು, ನಾಲ್ಕು ಅಡಿಯ ಪೊದೆಯಾಗಿ ನಿಲ್ಲುತ್ತದೆ. ಒಂದೇ ಸಲ ಹೂ ಬಿಟ್ಟು ಸುಮ್ಮನಾಗುವ ಜಾತಿಯಲ್ಲ, ಮತ್ತೆ ಮತ್ತೆ ಬಿಡುತ್ತದೆ. ಪರಿಮಳವಂತೂ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಗೇ ಬರುತ್ತದೆ.

ನರ್ಸರಿಯವರು ಇದನ್ನು ಎಡ್ವರ್ಡ್ ರೋಸ್ ಅಂತಲೂ ಕರೆಯುತ್ತಾರೆ. ಹುಟ್ಟಿದ್ದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ. ಚೀನಾ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿ ಕೂಡಿ ಆದ ತಳಿ ಇದು. ಮತ್ತೆ ಮತ್ತೆ ಹೂ ಬಿಡುವ ಗುಣಕ್ಕೆ ಚೀನಾ ಗುಲಾಬಿ ಕಾರಣ, ಪರಿಮಳ ಬಂದದ್ದು ಪನ್ನೀರು ಇಳಿಸುವ ಡಮಾಸ್ಕ್ ಕಡೆಯಿಂದ. ಆ ದ್ವೀಪಕ್ಕೆ ಆಗ ಬೂರ್ಬೋನ್ ಅಂತ ಹೆಸರಿತ್ತು. ಕಾಫಿಯವರಿಗೆ ಈ ಹೆಸರು ಹೊಸದಲ್ಲ. ಬೂರ್ಬೋನ್ ಕಾಫಿ ತಳಿಗೆ ಹೆಸರು ಬಂದದ್ದೂ ಅಲ್ಲಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೂದಾನಿಯಲ್ಲಿ ವಾರಗಟ್ಟಲೆ ನಿಲ್ಲುವ ಹೂವು ಬೇಕಿದ್ದರೆ ಇದು ಆಗುವುದಿಲ್ಲ. ಅರಳಿದ ಒಂದೆರಡು ದಿನಕ್ಕೆ ದಳ ಉದುರುತ್ತದೆ. ಇದರ ಹೂವು ದೇವರ ತಲೆಗೆ, ಮುಡಿಗೆ, ಗುಲ್ಕನ್‌ಗೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಗುದ್ದಲಿ, ಹರಿತವಾದ ಸಿಕೇಚರ್ (ಗಿಡ ಸವರುವ ಕತ್ತರಿ), ಒಂದು ಬುಟ್ಟಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು, ಒಂದಿಷ್ಟು ಬೇವಿನ ಹಿಂಡಿ. ದಪ್ಪ ಕೈಗವಸು ಮರೆಯಬೇಡಿ. ಪನ್ನೀರ್ ಗಿಡಕ್ಕೆ ಮುಳ್ಳು ಜಾಸ್ತಿ.

1. ಜಾಗ ನೋಡುವುದು

ಉಳಿದ ತಪ್ಪುಗಳನ್ನು ಆಮೇಲೆ ತಿದ್ದಬಹುದು. ಜಾಗದ ತಪ್ಪು ತಿದ್ದಬೇಕಾದರೆ ಗಿಡವನ್ನೇ ಕೀಳಬೇಕು. ಅದಕ್ಕೆ ಇಲ್ಲಿ ಅವಸರ ಬೇಡ.

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಅದರಲ್ಲೂ ಬೆಳಗಿನ ಬಿಸಿಲು. ರಾತ್ರಿಯ ಇಬ್ಬನಿ ಎಲೆ ಮೇಲೆ ಎಷ್ಟು ಬೇಗ ಆರುತ್ತದೋ ಅಷ್ಟು ರೋಗ ಕಡಿಮೆ. ಮನೆಯ ಪೂರ್ವ ದಿಕ್ಕು ಸಿಕ್ಕರೆ ಬಹಳ ಒಳ್ಳೆಯದು. ಕಾಫಿಗೆ ನೆರಳು ಹಿತ ಅಂತ ಗುಲಾಬಿಯನ್ನೂ ಸಿಲ್ವರ್ ಓಕ್ ಬುಡದಲ್ಲಿ ನೆಡುವವರಿದ್ದಾರೆ. ಅಲ್ಲಿ ಗಿಡ ಬಿಸಿಲು ಹುಡುಕಿಕೊಂಡು ಉದ್ದುದ್ದ ಬೆಳೆಯುತ್ತದೆ, ಹೂವು ಬಿಡುವುದಿಲ್ಲ.

ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಅಂದರೆ ಸೂರಿನ ನೀರು ಬೀಳುವ ಜಾಗದಲ್ಲಿ ನೆಡುವುದು. ಬೇಸಿಗೆಯಲ್ಲಿ ನೋಡಿದರೆ ಗೋಡೆ ಪಕ್ಕದ ಆ ಪಟ್ಟಿ ಚಂದ ಕಾಣುತ್ತದೆ. ಜುಲೈನಲ್ಲಿ ಹೆಂಚಿನ ನೀರೆಲ್ಲ ಸುರಿಯುವುದು ಅಲ್ಲಿಗೇ. ಬುಡದ ಮಣ್ಣು ಕೊಚ್ಚಿ ಹೋಗಿ ಬೇರು ಹೊರಗೆ ಬರುತ್ತದೆ, ಮಣ್ಣು ಎಲೆಗೆ ಸಿಡಿಯುತ್ತದೆ. ಸೂರಿನಿಂದ ಎರಡಡಿ ಆಚೆಗೆ ನೆಡಿ. ಗಿಡದಿಂದ ಗಿಡಕ್ಕೆ ಮೂರಡಿ ಬಿಡಿ. ಸಣ್ಣ ಅಂಗಳ ಅಂತ ಒತ್ತೊತ್ತಾಗಿ ನೆಟ್ಟರೆ ಗಾಳಿ ಆಡುವುದಿಲ್ಲ. ಇಕ್ಕಟ್ಟಿನಲ್ಲಿ ನೆಟ್ಟ ಮೂರು ಗಿಡಕ್ಕಿಂತ ಗಾಳಿ ಬೆಳಕಿನಲ್ಲಿರುವ ಒಂದೇ ಗಿಡ ಜಾಸ್ತಿ ಹೂ ಕೊಡುತ್ತದೆ.

2. ಗಿಡ ಆರಿಸುವುದು

ನಸುಗೆಂಪು ಬಣ್ಣದ ಗುಲಾಬಿಗೆಲ್ಲ ಪನ್ನೀರ್ ಅಂತ ಹೆಸರು ಹೇಳಿ ಮಾರುವವರಿದ್ದಾರೆ. ಹೂವು ಇರುವ ಗಿಡವನ್ನೇ ನೋಡಿ, ಮೂಸಿ, ಆಮೇಲೆ ತನ್ನಿ. ಬೆಳಿಗ್ಗೆ ಹೊತ್ತು ಹೋಗಿ. ಬಿಸಿಲೇರಿದ ಮೇಲೆ ಒಳ್ಳೆಯ ಪನ್ನೀರ್ ಹೂವಿನ ಪರಿಮಳವೂ ಅರ್ಧಕ್ಕೆ ಇಳಿದಿರುತ್ತದೆ. ಗೊಂಚಲಲ್ಲಿ ಪುಟ್ಟ ಪುಟ್ಟ ಹೂ ಬಿಡುವುದು ಬಟನ್ ರೋಸ್. ಅದೂ ಚಂದವೇ, ಆದರೆ ಪರಿಮಳಕ್ಕೆ ಅದನ್ನು ನಂಬಬೇಡಿ.

ಆಮೇಲೆ ಬುಡ ನೋಡಿ. ಪನ್ನೀರ್ ಗಿಡವನ್ನು ಸಾಮಾನ್ಯವಾಗಿ ಕಡ್ಡಿಯಿಂದಲೇ ಬೆಳೆಸುತ್ತಾರೆ, ಹಾಗಾಗಿ ಕಾಂಡ ಮಣ್ಣಿನಿಂದ ನೇರ ಎದ್ದಿರುತ್ತದೆ. ಬುಡದ ಹತ್ತಿರ ಗಂಟು ಇದ್ದರೆ ಅದು ಕಣ್ಣು ಕಸಿ ಮಾಡಿದ ಗಿಡ, ಅಂದರೆ ಬೇರು ಒಂದು ಕಾಡು ಗುಲಾಬಿಯದು, ಮೇಲಿನದು ಇನ್ನೊಂದು ತಳಿ. ಅಂಥ ಗಿಡವೂ ಆಗುತ್ತದೆ. ಆದರೆ ಗಂಟಿನ ಕೆಳಗಿನಿಂದ ಬರುವ ಚಿಗುರು ಕಾಡು ಗಿಡದ್ದು. ಕಾಫಿಯಲ್ಲಿ ಕಂಬಚಿಗುರು (ನೇರ ಮೇಲಕ್ಕೆ ಏಳುವ ಬೇಡದ ಚಿಗುರು) ತೆಗೆಯುತ್ತೀರಲ್ಲ, ಹಾಗೇ ಬುಡಸಮೇತ ಕಿತ್ತು ಹಾಕಿ. ಒಂದೇ ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು ಚಿಗುರು, ಐದಿದ್ದರೆ ಒಳ್ಳೆಯದು ಅಂತ ಒಂದು ಮಾತು ಓಡಾಡುತ್ತಿದೆ. ಅದನ್ನು ನಂಬಿ ಒಳ್ಳೆಯ ಕೊಂಬೆ ಕತ್ತರಿಸಿಕೊಂಡವರು ಬೇಕಾದಷ್ಟು ಜನ. ಎಲೆ ಎಣಿಸಬೇಡಿ. ಚಿಗುರು ಎಲ್ಲಿಂದ ಎದ್ದಿದೆ ಅಂತ ಮಣ್ಣು ಕೆದಕಿ ನೋಡಿ.

ಪಕ್ಕದ ಮನೆಯಲ್ಲಿ ಒಳ್ಳೆಯ ಗಿಡ ಇದ್ದರೆ ದುಡ್ಡೇ ಬೇಡ, ಕಡ್ಡಿ ಕೇಳಿ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಆರರಿಂದ ಎಂಟು ಇಂಚು ಉದ್ದ, ನಾಲ್ಕು ಕಣ್ಣು ಇರಲಿ. (ಕಣ್ಣು ಅಂದರೆ ಎಲೆ ಬುಡದಲ್ಲಿ ಚಿಗುರು ಒಡೆಯುವ ಸಣ್ಣ ಉಬ್ಬು.) ಕೆಳಗಿನ ಕಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ. ಕಾಫಿ ಸಸಿ ಹಾಕುವ ಪಾಲಿಥೀನ್ ಚೀಲಕ್ಕೆ ಅರ್ಧ ಮರಳು, ಅರ್ಧ ಮಣ್ಣು ತುಂಬಿ, ಎರಡು ಕಣ್ಣು ಒಳಗೆ ಹೋಗುವಂತೆ ನೆಟ್ಟು ನೆರಳಲ್ಲಿಡಿ. ಮಳೆ ಹನಿ ನೇರವಾಗಿ ಬೀಳಬಾರದು.

ಇಲ್ಲಿ ಎಲ್ಲರೂ ಮೋಸ ಹೋಗುವುದು ಒಂದೇ ಕಡೆ. ಎರಡು ಮೂರು ವಾರಕ್ಕೆ ಕಡ್ಡಿ ಹಸಿರು ಚಿಗುರು ಒಡೆಯುತ್ತದೆ. ಖುಷಿಯಾಗಿ ಕಿತ್ತು ಅಂಗಳದಲ್ಲಿ ನೆಡುತ್ತೀರಿ, ನಾಲ್ಕೇ ದಿನಕ್ಕೆ ಬಾಡುತ್ತದೆ. ಆ ಚಿಗುರು ಬಂದದ್ದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ. ಬೇರು ಇನ್ನೂ ಇಳಿದೇ ಇರುವುದಿಲ್ಲ. ಕಡ್ಡಿ ಹಿಡಿದು ಎಳೆದು ನೋಡುವ ಚಾಳಿಯೂ ಬೇಡ, ಇಳಿಯುತ್ತಿದ್ದ ಎಳೆ ಬೇರು ತುಂಡಾಗುತ್ತದೆ. ಎಂಟು ವಾರ ಸುಮ್ಮನೆ ಬಿಡಿ. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೆ ಕದಲಿಸಿ.

3. ಗುಂಡಿ ಮತ್ತು ಮಣ್ಣು

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಎರಡು ವಾರ ಬಿಸಿಲಿಗೆ ಬಿಡಿ. ನೆಡುವ ಮೊದಲು ಗುಂಡಿ ತುಂಬ ನೀರು ಹಾಕಿ ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಚಿಂತೆಯಿಲ್ಲ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡುವುದೇ ಬೇಡ. ಮಣ್ಣನ್ನು ಮುಕ್ಕಾಲು ಅಡಿ ಏರಿ ಮಾಡಿ ಅದರ ಮೇಲೆ ನೆಡಿ. ಮಲೆನಾಡಿನ ಕಡೆಯವರು ಈ ಪರೀಕ್ಷೆ ಬಿಟ್ಟು ನೇರವಾಗಿ ಏರಿ ಮಾಡಿಬಿಡುವುದೇ ಒಳ್ಳೆಯದು. ಬಯಲು ಕಡೆಯವರು ಇದಕ್ಕೆ ಉಲ್ಟಾ, ಬುಡದ ಸುತ್ತ ತಟ್ಟೆಯ ಹಾಗೆ ಪಾತಿ ಮಾಡಿ.

ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು, ಇನ್ನೂರು ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಬೇಡವೇ ಬೇಡ. ಅದರ ಜೊತೆ ಗೊಣ್ಣೆ ಹುಳು ಬರುತ್ತದೆ, ಬೇರು ತಿಂದು ಮುಗಿಸುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಒಳ್ಳೆಯ ಗೊಬ್ಬರ ನಿಜ, ಆದರೆ ಆರೇಳು ತಿಂಗಳು ಗುಂಡಿಯಲ್ಲಿ ಕಳಿತು ಕಪ್ಪಗಾಗಿರಬೇಕು. ಪಲ್ಪರ್‌ನಿಂದ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೇರ ತಂದು ಸುರಿದರೆ ಬಿಸಿಗೆ ಬೇರು ಬೇಯುತ್ತದೆ.

ಮಳೆ ಜಾಸ್ತಿ ಬೀಳುವ ಕಡೆ ಮಣ್ಣು ಹುಳಿಯಾಗಿರುತ್ತದೆ. ಗುಲಾಬಿಗೆ ರಸಸಾರ 6ರಿಂದ 7ರ ನಡುವೆ ಇದ್ದರೆ ಹಿತ. (ರಸಸಾರ ಅಂದರೆ ಮಣ್ಣಿನ ಹುಳಿ ಎಷ್ಟಿದೆ ಅಂತ ಹೇಳುವ ಅಳತೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ.) ತೋಟದ ಮಣ್ಣು ಪರೀಕ್ಷೆ ಮಾಡಿಸುವಾಗ ಅಂಗಳದ್ದೂ ಒಂದು ಪೊಟ್ಟಣ ಕಳಿಸಿ. ಹಾಸನದವರು ಕಂದಲಿಯ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹುಳಿ ಇದೆ ಅಂತ ಗೊತ್ತಾದರೆ ಗುಂಡಿಗೆ ಒಂದು ಹಿಡಿ ಕೃಷಿ ಸುಣ್ಣ ಸಾಕು. ಅದನ್ನು ಗೊಬ್ಬರಕ್ಕಿಂತ ಎರಡು ವಾರ ಮೊದಲೇ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

4. ನೆಡುವುದು

ಮಲೆನಾಡಿನ ಕಡೆಯವರು ಮಳೆ ಬಿಟ್ಟ ಮೇಲೆ, ದಸರಾ ದೀಪಾವಳಿ ಹೊತ್ತಿಗೆ ನೆಡಿ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಗಿಡಕ್ಕೆ ಏಳೆಂಟು ತಿಂಗಳು ಸಿಗುತ್ತದೆ. ಬಯಲು ಕಡೆ ಜೂನ್‌ನಲ್ಲೂ ನೆಡಬಹುದು. ಜೂನ್ ಐದರ ಪರಿಸರ ದಿನಕ್ಕೆ ಅಂತ ಮೂಡಿಗೆರೆಯಲ್ಲಿ ಗುಲಾಬಿ ನೆಟ್ಟರೆ ಮಾತ್ರ ಉಳಿಯುವುದು ಕಷ್ಟ.

ನರ್ಸರಿ ಗಿಡದ ಚೀಲ ಬಿಚ್ಚಿದಾಗ ಬೇರಿನ ಸುತ್ತ ಗಟ್ಟಿ ಜೇಡಿಮಣ್ಣಿನ ಉಂಡೆ ಕಂಡರೆ ಹಾಗೇ ನೆಡಬೇಡಿ. ದೂರದ ಊರಿಂದ ಸಾಗಿಸುವಾಗ ಬೇರು ಒಣಗದಿರಲಿ ಅಂತ ಆ ಮಣ್ಣು ಮೆತ್ತಿರುತ್ತಾರೆ. ನೆಲದಲ್ಲಿ ಅದು ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು. ಬೇರು ಅದರಿಂದ ಹೊರಗೆ ಬರಲಾರದೆ ಒಳಗೇ ಸುತ್ತಿಕೊಳ್ಳುತ್ತದೆ. ಬಕೆಟ್ ನೀರಿನಲ್ಲಿ ಉಂಡೆಯನ್ನು ಅರ್ಧ ಗಂಟೆ ಇಳಿಬಿಡಿ. ಅಲ್ಲಾಡಿಸದೆ ಬಿಟ್ಟರೆ ಅಂಚಿನ ಮಣ್ಣು ತಾನೇ ಕರಗಿ ನೀರು ಕೆಂಪಾಗುತ್ತದೆ. ಆಮೇಲೆ ಬೆರಳಲ್ಲಿ ಮೆಲ್ಲಗೆ ಸಡಿಲಿಸಿ. ನಡುವೆ ಒಂದು ನಿಂಬೆಹಣ್ಣಿನಷ್ಟು ಉಳಿದರೆ ಉಳಿಯಲಿ, ಪೂರ್ತಿ ತೊಳೆಯುವ ಹಟ ಬೇಡ.

ಸಂಜೆ ಹೊತ್ತು ನೆಡಿ. ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಕಸಿ ಗಿಡವಾದರೆ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಬೇಕು. ಕೈಯಲ್ಲಿ ಒತ್ತಿ, ನೀರು ಹಾಕಿ, ನಾಲ್ಕು ದಿನ ಮಧ್ಯಾಹ್ನದ ಬಿಸಿಲಿಗೆ ಸೊಪ್ಪಿನ ಮರೆ ಕಟ್ಟಿ. ಮೊದಲ ಎರಡು ತಿಂಗಳು ಬರುವ ಮೊಗ್ಗನ್ನು ಚಿವುಟಿ. ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೂ ಚಿವುಟಿ. ಆ ಶಕ್ತಿ ಬೇರಿಗೆ ಹೋಗಲಿ.

5. ನೀರು, ಗೊಬ್ಬರ

ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಳಗೆ ಒಣಗಿದ್ದರೆ ನಾಲ್ಕೈದು ಲೀಟರ್ ನೀರು ಬುಡಕ್ಕೆ ಹಾಕಿ, ಬೆಳಿಗ್ಗೆ. ತಂಪಿದ್ದರೆ ಆ ದಿನ ಬೇಡ. ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ, ಮಾರ್ಚ್, ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ಬೇಕಾಗಬಹುದು. ಪೈಪಿನಲ್ಲಿ ಗಿಡದ ತಲೆ ಮೇಲೆ ಸಂಜೆ ನೀರು ಹೊಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ತಿಂಗಳಿಗೊಮ್ಮೆ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಾಲು ನೀರು ಸೇರಿಸಿ ಕೊಟ್ಟರೆ ಸಾಕು. ಕಾಫಿಗೆ ತಂದಿಟ್ಟ ರಸಗೊಬ್ಬರವನ್ನು ಹಿಡಿಗಟ್ಟಲೆ ಬುಡಕ್ಕೆ ಎಸೆಯಬೇಡಿ, ಎಳೆ ಬೇರು ಸುಡುತ್ತದೆ. ಟೀ ಸೊಪ್ಪು, ಕಾಫಿ ಚರಟ, ಬಾಳೆ ಸಿಪ್ಪೆ ಹಾಕಬಹುದಾ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹಾಲು ಸಕ್ಕರೆ ಸೇರದ್ದು ಗೊಬ್ಬರದ ಗುಂಡಿಗೆ ಹಾಕಿ, ಕಳಿತು ಬರಲಿ. ನೇರ ಬುಡಕ್ಕೆ ಹಾಕಿದರೆ ಇರುವೆ, ಶಿಲೀಂಧ್ರ ಎರಡೂ ಬರುತ್ತವೆ.

6. ಮಳೆಗಾಲ ದಾಟಿಸುವುದು

ಇನ್ನೆಲ್ಲ ತಿಂಗಳು ಪನ್ನೀರ್ ಗಿಡ ತನ್ನ ಪಾಡಿಗೆ ತಾನು ಇರುತ್ತದೆ. ನಿಮ್ಮ ಗಮನ ಬೇಕಾಗಿರುವುದು ಈ ನಾಲ್ಕು ತಿಂಗಳಲ್ಲಿ.

ಮೊದಲ ಶತ್ರು ಕಪ್ಪು ಚುಕ್ಕೆ ರೋಗ. ಎಲೆ ಏಳೆಂಟು ಗಂಟೆ ಸತತ ಒದ್ದೆಯಾಗಿದ್ದರೆ ಈ ಶಿಲೀಂಧ್ರಕ್ಕೆ ಸಾಕು. ಬುಡದ ಕಡೆಯ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಮಸಿ ಹನಿ ಬಿದ್ದು ಹರಡಿದಂಥ ಚುಕ್ಕೆ, ಅಂಚು ನೇರವಾಗಿರದೆ ಎಳೆ ಎಳೆಯಾಗಿರುತ್ತದೆ. ಎರಡು ಮೂರು ದಿನಕ್ಕೆ ಸುತ್ತ ಹಳದಿಯಾಗಿ, ಮುಟ್ಟಿದರೆ ಎಲೆ ಕಳಚಿಕೊಳ್ಳುತ್ತದೆ. ಕೆಳಗಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಸುಮ್ನೆ ವಯಸ್ಸಾಗಿ ಹಳದಿಯಾದ ಎಲೆಗೆ ಈ ಮಸಿ ಚುಕ್ಕೆ ಇರುವುದಿಲ್ಲ.

ಔಷಧಿಗಿಂತ ಮೊದಲು ಕೈಕೆಲಸ ಮಾಡಿ. ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು, ನೆಲದಿಂದ ಒಂದಡಿ ತನಕದ ಎಲೆಗಳನ್ನು ಪೂರ್ತಿ ತೆಗೆಯಿರಿ. ಪೊದೆಯ ನಡುವೆ ಒಳಮುಖವಾಗಿ ಬೆಳೆದ ಸಣ್ಣ ಕಡ್ಡಿಗಳನ್ನೂ ತೆಗೆಯಿರಿ. ಗಿಡ ಬಟ್ಟಲಿನ ಹಾಗೆ ನಡುವೆ ಬಿಚ್ಚಿಕೊಂಡಿರಲಿ. ಬುಡಕ್ಕೆ ತೆಳ್ಳಗೆ ಒಣ ತರಗು ಹರಡಿ, ಮಣ್ಣು ಸಿಡಿಯುವುದು ನಿಲ್ಲುತ್ತದೆ. ತರಗು ಕಾಂಡಕ್ಕೆ ತಾಗದ ಹಾಗೆ ಮೂರು ಇಂಚು ಬಿಡಿ. ಉದುರಿದ ರೋಗದ ಎಲೆಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕದೆ ಒಲೆಗೆ ಹಾಕಿ.

ಆಮೇಲೆ ಒಂದು ಸಿಂಪಡಣೆ. ಅಡಿಕೆ, ಕಾಫಿ ಇರುವವರ ಮನೆಯಲ್ಲಿ ಬೋರ್ಡೋ ದ್ರಾವಣದ ಸಾಮಾನು ಇದ್ದೇ ಇರುತ್ತದೆ. ತೋಟಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕುತ್ತೀರಿ. ಗುಲಾಬಿಗೆ ಅದು ಖಾರ, ಎಳೆ ಎಲೆ ಸುಡುತ್ತದೆ. ಅರ್ಧಕ್ಕೆ ಇಳಿಸಿ: ಹತ್ತು ಲೀಟರ್‌ಗೆ ಐವತ್ತು ಗ್ರಾಂ ಮೈಲುತುತ್ತ, ಐವತ್ತು ಗ್ರಾಂ ಸುಣ್ಣ. ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಮಾಡಿದ ದಿನವೇ ಬಳಸಿ. ತೋಟ ಇಲ್ಲದ ಪೇಟೆಯವರು ಮ್ಯಾಂಕೋಜೆಬ್ ಪುಡಿ ಲೀಟರಿಗೆ ಎರಡು ಗ್ರಾಂ ಬಳಸಬಹುದು. ಎಲೆಯ ಅಡಿಭಾಗಕ್ಕೂ ತಾಗಬೇಕು. ಮಳೆ ನಡುವೆ ಎರಡು ದಿನ ಬಿಸಿಲು ಬಿಟ್ಟಾಗ ಇನ್ನೊಂದು ಸಲ ಹೊಡೆಯಿರಿ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಮಾಡಬೇಡಿ.

ಮಳೆ ಜೋರಿರುವಾಗ ಗೊಬ್ಬರ ಹಾಕಬೇಡಿ. ಅರ್ಧ ಕೊಚ್ಚಿ ಹೋಗುತ್ತದೆ, ಉಳಿದರ್ಧಕ್ಕೆ ಮೆತ್ತನೆ ಚಿಗುರು ಬಂದು ರೋಗಕ್ಕೆ ತುತ್ತಾಗುತ್ತದೆ. ಮೊಗ್ಗು ಬಿಚ್ಚದೆ ಕಂದು ಉಂಡೆಯಾಗಿ ಕೊಳೆತರೆ ಗಾಬರಿ ಬೇಡ. ದಳ ಜಾಸ್ತಿ ಇರುವ ಹೂವು ನೀರು ಕುಡಿದರೆ ಹಾಗೇ ಅಂಟಿಕೊಳ್ಳುತ್ತದೆ. ಕತ್ತರಿಸಿ ಎಸೆಯಿರಿ. ಆಗಸ್ಟ್ ಹೊತ್ತಿಗೆ ಗಿಡ ಅರ್ಧ ಬೋಳಾಗಿದ್ದರೂ ಕಾಂಡ ಹಸಿರಿದ್ದರೆ ಕೀಳಬೇಡಿ, ಅದು ಸತ್ತಿಲ್ಲ.

ಹುಳುಗಳ ವಿಷಯ ಇಷ್ಟು. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ಕಂದು ದುಂಬಿಗಳು ಎದ್ದು ಎಲೆ ಜಾಲರಿ ಮಾಡುತ್ತವೆ. ಹಗಲು ಹುಡುಕಿದರೆ ಒಂದೂ ಸಿಗುವುದಿಲ್ಲ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಚಿಗುರಿಗೆ ಮುತ್ತುವ ಹಸಿರು ಹೇನಿಗೆ ನೀರಿನ ರಭಸ ಸಾಕು. ಹೋಗದಿದ್ದರೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪು, ಸಂಜೆ ಹೊತ್ತು. ಚಳಿಯಲ್ಲಿ ಎಲೆ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿ ರೋಗ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಬಿಸಿಲೇರುವ ಮೊದಲು ಸಿಂಪಡಿಸಿ.

7. ಸವರುವುದು (ಚಾಟನಿ)

ಬೆಂಗಳೂರಿನವರು ಅಕ್ಟೋಬರ್ ಅಂದರು ಅಂತ ಮಳೆ ಸುರಿಯುವಾಗ ಕತ್ತರಿ ಹಿಡಿಯಬೇಡಿ. ಒದ್ದೆಯಲ್ಲಿ ಕತ್ತರಿಸಿದ ಗಾಯದಿಂದಲೇ ತುದಿ ಒಣಗುವ ರೋಗ ಒಳಗೆ ಹೋಗುತ್ತದೆ. ನಾಲ್ಕೈದು ದಿನ ಬಿಡದೆ ಬಿಸಿಲು ಬಿದ್ದಿರಬೇಕು. ಮಲೆನಾಡಿನಲ್ಲಿ ಅದು ದೀಪಾವಳಿ ಆಚೆಗೂ ಹೋಗಬಹುದು, ಹೋಗಲಿ. ಸವರಿದ ಸುಮಾರು ಒಂದೂವರೆ ತಿಂಗಳಿಗೆ ಹೂವು.

ಮೊದಲು ಒಣಗಿದ್ದು, ಕಪ್ಪಾಗಿದ್ದು ತೆಗೆಯಿರಿ. ಕತ್ತರಿಸಿದ ಜಾಗ ನೋಡಿ. ನಡುವಿನ ತಿರುಳು ಕಂದಾಗಿದ್ದರೆ ರೋಗ ಇನ್ನೂ ಕೆಳಗಿದೆ ಅಂತ ಅರ್ಥ. ಇನ್ನೊಂದು ಇಂಚು ಇಳಿದು ಕತ್ತರಿಸಿ, ಮತ್ತೆ ನೋಡಿ. ಕೆನೆಬಿಳಿ ತಿರುಳು ಸಿಗುವ ತನಕ ಇಳಿಯಬೇಕು. ಅಂಥ ಕೊಂಬೆ ಮುಗಿಸಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಆಮೇಲೆ ಒಂದಕ್ಕೊಂದು ಉಜ್ಜುವ ಕೊಂಬೆಗಳಲ್ಲಿ ಸಣ್ಣದನ್ನು ತೆಗೆದು, ಉಳಿದದ್ದರ ಎತ್ತರದಲ್ಲಿ ಮೂರನೇ ಒಂದು ಭಾಗ ಇಳಿಸಿ. ಹೊರಮುಖ ಇರುವ ಕಣ್ಣಿನ ಕಾಲು ಇಂಚು ಮೇಲೆ, ನೀರು ಜಾರುವಂತೆ ಓರೆಯಾಗಿ. ದೊಡ್ಡ ಹೂವಿನ ಗುಲಾಬಿಗಳನ್ನು ಮೊಣಕಾಲೆತ್ತರಕ್ಕೆ ಕಡಿಯುತ್ತಾರಲ್ಲ, ಪನ್ನೀರ್‌ಗೆ ಅಷ್ಟು ಬೇಡ. ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ನೂರು ಗ್ರಾಂ ತುತ್ತ, ನೂರು ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಸವರಿದ ವಾರಕ್ಕೆ ಬುಡ ಸಡಿಲಿಸಿ ಒಂದು ಬುಟ್ಟಿ ಗೊಬ್ಬರ ಕೊಡಿ.

ಕುಂಡದಲ್ಲಿ ಬೆಳೆಸುವವರಿಗೂ ಇದೇ ಕ್ರಮ. ಕುಂಡ ಹದಿನಾಲ್ಕು ಇಂಚಿಗಿಂತ ಸಣ್ಣದು ಬೇಡ. ಮಳೆಗಾಲದಲ್ಲಿ ಕೆಳಗಿನ ತಟ್ಟೆ ತೆಗೆದಿಡಿ. ನಿಮಗೊಂದು ಅನುಕೂಲ ಇದೆ, ಜಡಿಮಳೆ ಬಂದರೆ ಎತ್ತಿ ಜಗಲಿ ಅಂಚಿಗೆ ಇಡಬಹುದು.

8. ಹೂ ಕೊಯ್ಯುವುದು

ಇಬ್ಬನಿ ಆರಿದ ಕೂಡಲೇ, ಬಿಸಿಲು ಏರುವ ಮೊದಲು ಕೊಯ್ಯಿರಿ. ಪರಿಮಳದ ಎಣ್ಣೆ ಬಿಸಿಗೆ ಹಾರಿಹೋಗುತ್ತದೆ. ತೊಟ್ಟು ಚಿವುಟುವ ಬದಲು ಕೆಳಗೆ ಚೆನ್ನಾಗಿ ಬೆಳೆದ ಮೊದಲ ಎಲೆಯ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಮುಂದಿನ ಹೂವಿನ ಚಿಗುರು ಬರುತ್ತದೆ. ಉದುರಲು ಬಿಟ್ಟ ಹೂವನ್ನೂ ಹೀಗೇ ತೆಗೆಯುತ್ತಿರಿ.

ಗುಲ್ಕನ್ ಮಾಡುವ ಆಸೆ ಇದ್ದರೆ ಔಷಧಿ ಸಿಂಪಡಿಸಿದ ಗಿಡದ ಹೂವು ಬೇಡ. ಒಂದು ಗಿಡವನ್ನು ಅದಕ್ಕೇ ಮೀಸಲಿಡಿ, ಅದಕ್ಕೆ ಬೇವಿನ ಎಣ್ಣೆಯನ್ನೂ ಹೊಡೆಯಬೇಡಿ. ದಳಗಳನ್ನು ತೊಳೆದು, ಬಟ್ಟೆ ಮೇಲೆ ನೆರಳಲ್ಲಿ ಪೂರ್ತಿ ಆರಿಸಿ. ಒಂದು ಪದರ ದಳ, ಒಂದು ಪದರ ಕಲ್ಲುಸಕ್ಕರೆ ಪುಡಿ, ಹೀಗೆ ಗಾಜಿನ ಭರಣಿಗೆ ತುಂಬಿ ಎರಡು ವಾರ ಬಿಸಿಲಲ್ಲಿಡಿ. ದಿನಾ ಒಣ ಚಮಚದಲ್ಲಿ ತಿರುವಿ. ದಳದಲ್ಲಿ ನೀರಿನ ಅಂಶ ಉಳಿದಿದ್ದರೆ ಮೂರನೇ ದಿನಕ್ಕೇ ಹುಳಿ ವಾಸನೆ ಬರುತ್ತದೆ, ಹಾಗಾಗಿ ಆರಿಸುವಾಗ ಅವಸರ ಮಾಡಬೇಡಿ. ಜನವರಿ, ಫೆಬ್ರವರಿಯ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಗಿಡದಲ್ಲಿ ಹೂವೂ ಆಗಲೇ ಜಾಸ್ತಿ.